ಮಧ್ಯಾಹ್ನದ ಪಾಳಿ

ಜನವರಿ 14

ಗುಬ್ಬಿಗೆ,

ನಿನ್ನ ಕಾಗದ ತಲುಪಿತು. ಲಕೋಟೆ ಒಡೆಯುವ ಮೊದಲೇ ಎಣ್ಣೆಯ ವಾಸನೆ ಬಂತು. ಅತ್ತೆ ಮೂಸಿ ನೋಡಿ, "ಇಂಜಿನ್ನಿಗೆ ಬರೆದ ಕಾಗದ ನಮಗೆ ಹಾಕಿದಾನೆ ಇವನು" ಎಂದರು. ಆಮೇಲೆ ಅದನ್ನೇ ದಿಂಬಿನ ಕೆಳಗೆ ಇಟ್ಟುಕೊಂಡರು.

ನಿನ್ನ ಅಣ್ಣ ತೀರಿಕೊಂಡು ನಾಲ್ಕನೇ ತಿಂಗಳು ನಡೆಯುತ್ತಿದೆ. ಅಂಗಡಿಯನ್ನು ಏನು ಮಾಡಿದಿರಿ ಎಂದು ಕೇಳಿದ್ದೀಯ. ನಡೆಸುತ್ತಿದ್ದೇನೆ. ಬೈಂಡಿಂಗ್ ಕೆಲಸದಲ್ಲಿ ಹೊಲಿಗೆ ನನ್ನದು, ರಟ್ಟು ಮತ್ತು ಪ್ರೆಸ್ಸು ಅವರದು ಎಂದು ಇತ್ತು. ಈಗ ಎಲ್ಲವೂ ನನ್ನದು. ಅಂಟು ಹಚ್ಚಿದ ಪುಸ್ತಕಗಳನ್ನು ಹಲಗೆಗಳ ನಡುವೆ ಇಟ್ಟು ಪ್ರೆಸ್ಸಿನ ಚಕ್ರ ತಿರುಗಿಸಿ ಬಿಗಿ ಮಾಡಲು ತೋಳಿನಲ್ಲಿ ಬಲ ಬೇಕು. ಮೊದಮೊದಲು ನನ್ನಿಂದ ಆಗುತ್ತಿರಲಿಲ್ಲ. ಈಗ ಆಗುತ್ತದೆ.

ಗ್ರಂಥಾಲಯದವರು ಹಳೆಯ ಪತ್ರಿಕೆಗಳನ್ನೆಲ್ಲ ವರ್ಷವಾರು ಕಟ್ಟಿಕೊಡಲು ಹೇಳಿದ್ದಾರೆ. ದೊಡ್ಡ ಕೆಲಸ. "ಒಬ್ಬರಿಂದ ಆಗುತ್ತಾ ಅಮ್ಮಾ?" ಎಂದು ಗ್ರಂಥಪಾಲಕರು ಕೇಳಿದರು. ಆಗುತ್ತದೆ ಎಂದೆ. ಬೆಳಿಗ್ಗೆ ತೆರೆದ ಬಾಗಿಲನ್ನು ದೀಪ ಹಚ್ಚಿದ ಮೇಲೆಯೇ ಹಾಕುವುದು. ಮಧ್ಯಾಹ್ನ ಮುಚ್ಚುವ ಅಭ್ಯಾಸ ಬಿಟ್ಟಿದ್ದೇನೆ. ಊಟ ನಿಂತುಕೊಂಡೇ ಆಗಿಹೋಗುತ್ತದೆ.

ಅತ್ತೆ ಚೆನ್ನಾಗಿದ್ದಾರೆ. ಹಿಂದಿನ ಕೋಣೆಗಿಂತ ಅಂಗಡಿಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ನನ್ನ ಹೊಲಿಗೆ ದಾರಕ್ಕೆ ಮೇಣ ಹಚ್ಚಿಕೊಡುತ್ತಾರೆ. ಬಂದವರಿಗೆಲ್ಲ, "ನನ್ನ ಕಿರಿಯ ಮಗ ಹಡಗು ನಡೆಸ್ತಾನೆ" ಎನ್ನುತ್ತಾರೆ. ನೀನು ಕೆಳಗೆ ಇಂಜಿನ್ನಿಗೆ ಎಣ್ಣೆ ಹಾಕುವವನು ಎಂದು ನಾನು ತಿದ್ದಲು ಹೋಗುವುದಿಲ್ಲ.

ಇಲ್ಲಿ ಎಲ್ಲ ಸರಿಯಿದೆ. ನಮ್ಮ ಚಿಂತೆ ಬೇಡ.

ನಿನ್ನ ಅತ್ತಿಗೆ


ಫೆಬ್ರವರಿ 6

ಅತ್ತಿಗೆಗೆ ನಮಸ್ಕಾರ.

ನಿಂತುಕೊಂಡು ಊಟ ಮಾಡುವುದು ಕುದುರೆಗಳ ಪದ್ಧತಿ. ನಮ್ಮ ಮನೆಯಲ್ಲಿ ಈ ಪದ್ಧತಿ ಯಾವಾಗಿನಿಂದ ಶುರುವಾಯಿತು?

ನಿಮ್ಮ ಕಾಗದ ಓದಿ ನನಗೆ ಸಮಾಧಾನವಾಗಲಿಲ್ಲ. ಕೆಲಸ ಮಾಡಬೇಡಿ ಎನ್ನುವವನು ನಾನಲ್ಲ. ಆದರೆ ಮಧ್ಯಾಹ್ನದ ಆ ಒಂದು ಗಳಿಗೆಯನ್ನು ಯಾಕೆ ಬಿಟ್ಟಿರಿ? ಅಣ್ಣನನ್ನು ನೆನೆಸಿಕೊಳ್ಳಿ. ಎಷ್ಟೇ ಅವಸರದ ಕೆಲಸವಿರಲಿ, ಊಟವಾಯಿತೆಂದರೆ ಬಾಗಿಲು ಅರ್ಧ ಎಳೆದು ಮಲಗಿಬಿಡುತ್ತಿದ್ದ. ಚಿಕ್ಕವನಿದ್ದಾಗ ಒಂದು ಸಲ ಅವನು ಮಲಗಿದ್ದಾಗ ಮೀಸೆಗೆ ಅಂಟು ಹಚ್ಚಿಬಿಟ್ಟಿದ್ದೆ. ಎದ್ದವನಿಗೆ ಬಾಯಿ ತೆರೆಯಲು ಆಗಲಿಲ್ಲ. ಬೈಯಬೇಕಾದರೆ ಬಾಯಿ ತೆರೆಯಬೇಕಲ್ಲ, ಹಾಗಾಗಿ ಅಂದು ನಾನು ಬಚಾವಾದೆ. ಮರುದಿನ ಎರಡೂ ದಿನದ್ದು ಸೇರಿಸಿ ಬಿತ್ತು.

ಆ ಕಬ್ಬಿಣದ ಮಂಚ ಪ್ರೆಸ್ಸಿನ ಹಿಂದೆ ಇನ್ನೂ ಇದೆಯಲ್ಲ? ನೀವು ಅದರ ಮೇಲೆ ಮಲಗಿ. ಅಣ್ಣ ಮಲಗುತ್ತಿದ್ದ ಹಾಗೇ ಗೋಡೆಯ ಕಡೆ ತಿರುಗಿ ಮಲಗಿ. ಆಯಾಸ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಹಡಗಿನಲ್ಲಿ ವಿಶ್ರಾಂತಿ ಎನ್ನುವುದು ಯಾರೋ ಮಾಡುವ ಉಪಕಾರವಲ್ಲ, ಅದು ನಿಯಮ. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು. ಬಿಡುವಿನಲ್ಲಿ ಮಲಗದೆ ಓಡಾಡುವವನನ್ನು ಕಂಡರೆ ದೊಡ್ಡ ಇಂಜಿನಿಯರು ಸಿಡುಕುತ್ತಾನೆ. ನಿದ್ದೆಗೆಟ್ಟವನು ಕೆಟ್ಟ ಇಂಜಿನ್ನಿಗಿಂತ ಅಪಾಯ ಎನ್ನುತ್ತಾನೆ. ಈಚೆಗೆ ಒಬ್ಬಿಬ್ಬರಿಗೆ ಹುಷಾರಿಲ್ಲದ್ದರಿಂದ ಅವರ ಪಾಳಿಗೂ ನಾನೇ ನಿಲ್ಲುತ್ತಿದ್ದೇನೆ, ಅದು ಬೇರೆ ಮಾತು. ನನ್ನದು ಗಟ್ಟಿ ಮೈ. ನೀವು ನಿಮ್ಮದನ್ನು ನೋಡಿಕೊಳ್ಳಿ.

ಅಮ್ಮನಿಗೆ ಹೇಳಿ, ಹಡಗನ್ನು ಚೆನ್ನಾಗಿ ನಡೆಸುತ್ತಿದ್ದೇನೆ ಎಂದು.

ಗುಬ್ಬಿ


ಫೆಬ್ರವರಿ 24

ಗುಬ್ಬಿಗೆ,

ಮಂಚ ಇಲ್ಲ. ಗುಜರಿಯವನಿಗೆ ಕೊಟ್ಟೆ. ಜಾಗ ಬೇಕಿತ್ತು. ಅಲ್ಲಿ ಈಗ ಗ್ರಂಥಾಲಯದ ಕಟ್ಟುಗಳಿವೆ.

ಮಧ್ಯಾಹ್ನ ಮಲಗುವ ವಿಷಯ ಇನ್ನು ಮೇಲೆ ಬರೆಯಬೇಡ.

ಕೆಳಗಿನದು ಅತ್ತೆಯ ಮಾತು. ಹೇಳಿದ ಹಾಗೇ ಬರೆಯಬೇಕಂತೆ. ಒಂದಕ್ಷರ ಬದಲಾಯಿಸಿದರೂ ಎದುರಿನ ಔಷಧಿ ಅಂಗಡಿಯವಳ ಹತ್ತಿರ ಓದಿಸಿ ಹಿಡಿದುಬಿಡುತ್ತೇನೆ ಎಂದು ಹೆದರಿಸಿದ್ದಾರೆ.

"ಮಗಾ, ನಿನ್ನ ಅತ್ತಿಗೆ ನನ್ನನ್ನ ಮಲಗೋಕೆ ಬಿಡಲ್ಲ. ಕಣ್ಣು ಮುಚ್ಚಿದ್ರೆ ಸಾಕು, ಬಂದು ಭುಜ ಅಲ್ಲಾಡಿಸ್ತಾಳೆ. ಅತ್ತೆ, ಚಹಾ ಕುಡೀತೀರಾ ಅಂತಾಳೆ. ಈಗ ತಾನೆ ಕುಡಿದೆ ಅಂದ್ರೆ, ಹಾಗಾದ್ರೆ ನೀರು ಕುಡೀತೀರಾ ಅಂತಾಳೆ. ನಾನೇನು ಹೂವಿನ ಕುಂಡವಾ, ಹೊತ್ತು ಹೊತ್ತಿಗೆ ನೀರು ಹಾಕೋಕೆ? ನಿನ್ನೆ ಅವಳ ಹೆಜ್ಜೆ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡೇ ಕೂಗಿದೆ, ಇದೀನಿ, ಇದೀನಿ, ಇನ್ನೂ ಇದೀನಿ ಅಂತ. ಆದ್ರೂ ಬಂದು ಅಲ್ಲಾಡಿಸಿದ್ಲು. ರಾತ್ರಿ ಮೊಣಕಾಲು ನೋವು ಮಲಗೋಕೆ ಬಿಡಲ್ಲ, ಹಗಲು ಇವಳು ಬಿಡಲ್ಲ. ನಾನು ಯಾವಾಗ ಮಲಗೋದು, ನೀನೇ ಹೇಳು."

ಇಷ್ಟೇ. ನಾನು ಏನೂ ಬದಲಾಯಿಸಿಲ್ಲ.

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ಅಮ್ಮನ ಮಾತು ಓದಿ ಮೊದಲು ನಕ್ಕೆ. ಪಾಳಿಯಲ್ಲಿ ನಿಂತು ಮತ್ತೆ ಯೋಚಿಸಿದಾಗ ನಗು ಬರಲಿಲ್ಲ.

ನೇರವಾಗಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಿಮಗೆ ಕೈ ಸಾಲುತ್ತಿಲ್ಲ ಎಂಬುದು ನನಗೆ ಗೊತ್ತಾಗುತ್ತದೆ. ಆದರೆ ಎಪ್ಪತ್ತು ದಾಟಿದವರನ್ನು ದಾರಕ್ಕೆ ಮೇಣ ಹಚ್ಚಲು ಎಬ್ಬಿಸಿ ಕೂರಿಸುವುದು ಸರಿಯಲ್ಲ. ಚಹಾ ಬೇಕಾ, ನೀರು ಬೇಕಾ ಎಂದು ಕೇಳುವುದು ನೆಪ ಎಂದು ಅಮ್ಮನಿಗೂ ತಿಳಿಯುತ್ತದೆ, ದೂರದಲ್ಲಿರುವ ನನಗೂ ತಿಳಿಯುತ್ತದೆ. ಗ್ರಂಥಾಲಯದ ಕೆಲಸ ಅಷ್ಟು ಭಾರವಾದರೆ ಅರ್ಧ ವಾಪಸು ಕೊಡಿ. ಅಣ್ಣನೂ ಹೀಗೆಯೇ ಕೆಲಸ ಕೆಲಸ ಎಂದು ಪ್ರೆಸ್ಸಿನ ಮುಂದೆ ನಿಂತೇ ಹೋದ. ನೀವು ಕಳಿಸಿದ ತಂತಿಯಲ್ಲಿ ಆ ಸಾಲು ಓದಿದಾಗಿನಿಂದ ಅದು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಆ ಅಂಗಡಿ ಇನ್ನೊಬ್ಬರನ್ನು ನುಂಗುವುದು ಬೇಡ.

ದೊಡ್ಡಕ್ಕನಿಗೆ ಬರೆದಿದ್ದೇನೆ. ಅವಳ ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಮೇ ಕೊನೆಗೆ ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅಮ್ಮ ಕಣ್ತುಂಬ ನಿದ್ದೆ ಮಾಡಲಿ. ನೀವೂ ನಿಮ್ಮ ಕೆಲಸವನ್ನು ನಿಶ್ಚಿಂತೆಯಿಂದ ಮಾಡಬಹುದು.

ಗುಬ್ಬಿ


ಏಪ್ರಿಲ್ 1

ಗುಬ್ಬಿ,

ದೊಡ್ಡಕ್ಕನ ಕಾರ್ಡು ಮೊದಲು ಬಂತು, ನಿನ್ನ ಕಾಗದ ಆಮೇಲೆ ಬಂತು. ಅತ್ತೆಯನ್ನು ನನ್ನಿಂದ ಬಿಡಿಸಿಕೊಂಡು ಹೋಗುತ್ತಾರೆ ಎಂಬುದು ಮೊದಲು ಗೊತ್ತಾಯಿತು, ಯಾಕೆ ಎಂಬುದು ಆಮೇಲೆ.

ಅತ್ತೆಯನ್ನು ನಾನು ಕೆಲಸಕ್ಕೆ ಎಬ್ಬಿಸುವುದಿಲ್ಲ. ಮೇಣ ಹಚ್ಚಬೇಡಿ ಎಂದರೂ ಅವರು ಹಚ್ಚುತ್ತಾರೆ. ಅದು ಅವರ ಖುಷಿ.

ನಿನ್ನ ಅಣ್ಣ ಪ್ರೆಸ್ಸಿನ ಮುಂದೆ ನಿಂತು ಹೋಗಲಿಲ್ಲ. ನೀನು ಸಮುದ್ರದ ಮಧ್ಯೆ ಒಬ್ಬನೇ ಇದ್ದೆ, ಕೇಳಲು ಸುಲಭವಾಗಲಿ ಎಂದು ತಂತಿಯಲ್ಲಿ ಹಾಗೆ ಬರೆಸಿದೆವು. ಆ ದಿನ ಅವರು ಊಟ ಮಾಡಿದರು. "ಒಂದು ಗಳಿಗೆ ಕಣ್ಣು ಮುಚ್ತೀನಿ, ಅಂಟು ಆರೋ ಹೊತ್ತಿಗೆ ಎಬ್ಬಿಸು" ಎಂದರು. ದಿನವೂ ಹೇಳುವ ಮಾತು. ನಾನು ಬೆನ್ನು ತಿರುಗಿಸಿ ಹೊಲಿಯುತ್ತಿದ್ದೆ. ಅಂಟು ಆರಿತು. ಪಾಪ ದಣಿದಿದ್ದಾರೆ, ಇನ್ನೊಂದಿಷ್ಟು ಮಲಗಲಿ ಎಂದುಕೊಂಡೆ. ಶಾಲೆಯ ಗುಮಾಸ್ತ ಹಾಜರಿ ಪುಸ್ತಕ ಒಯ್ಯಲು ಬಂದು ಬಾಗಿಲಲ್ಲೇ ಜೋರಾಗಿ ಮಾತು ಶುರು ಮಾಡಿದ. "ಮೆಲ್ಲಗೆ, ಮಲಗಿದ್ದಾರೆ" ಎಂದೆ. ಅವನು ತುದಿಗಾಲಲ್ಲಿ ಹೊರಗೆ ಹೋದ. ನಾನು ಕತ್ತರಿಯನ್ನು ಕೂಡ ಸದ್ದಾಗದ ಹಾಗೆ ಕೆಳಗಿಟ್ಟೆ. ಆಮೇಲೆ ಎಬ್ಬಿಸಲು ಹೋದೆ.

ಮೊದಲೇ ಎಬ್ಬಿಸಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಮಲಗಿದ ಕೂಡಲೇ ಆಗಿಹೋಗಿತ್ತಂತೆ. ಅವರ ಮಾತನ್ನು ನಾನು ನಂಬುತ್ತೇನೆ. ನನ್ನ ಕೈ ನಂಬುವುದಿಲ್ಲ. ಹಗಲಿನಲ್ಲಿ ಯಾರು ಕಣ್ಣು ಮುಚ್ಚಿದರೂ ಅದು ತಾನಾಗಿ ಹೋಗಿ ಅವರ ಭುಜ ಹಿಡಿಯುತ್ತದೆ. ಹೋದ ವಾರ ಬಸ್ಸಿನಲ್ಲಿ ಪಕ್ಕದ ಹೆಂಗಸು ತೂಕಡಿಸುತ್ತಿದ್ದಳು, ಅವಳನ್ನೂ ಎಬ್ಬಿಸಿದೆ. "ನನ್ನ ಸ್ಟಾಪು ಬಂತಾ?" ಎಂದು ಗಾಬರಿಯಾಗಿ ಎದ್ದವಳು ಇಳಿದೇ ಹೋದಳು. ಅದು ಅವಳ ಸ್ಟಾಪು ಆಗಿರಲಿಲ್ಲ ಎಂದು ಕಿಟಕಿಯಿಂದ ಅವಳ ಮುಖ ನೋಡಿದಾಗ ಗೊತ್ತಾಯಿತು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಂಟು ಹಚ್ಚಿದ ಪುಸ್ತಕ ಪ್ರೆಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಇರಬೇಕು. ಅದು ನಿನಗೂ ಗೊತ್ತು, ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಸಂಜೆಗೇ ತೆಗೆದುಬಿಟ್ಟೆ. ಅವಸರಕ್ಕಲ್ಲ. ಸುಮ್ಮನೆ ಬಿದ್ದಿರುವ ಯಾವುದನ್ನೂ ನೋಡುವುದು ನನ್ನಿಂದ ಆಗುತ್ತಿಲ್ಲ. ಒಳಗಿನ ಅಂಟು ಹಸಿಯಾಗಿತ್ತು, ರಟ್ಟು ಬಿಲ್ಲಿನ ಹಾಗೆ ಬಾಗಿತು. ಗ್ರಂಥಪಾಲಕರು ಮೊದಲ ಕಂತು ಪೂರ್ತಿ ವಾಪಸು ತಂದರು. ಒಳ್ಳೆಯ ಮನುಷ್ಯ, ಸಿಟ್ಟು ಮಾಡಲಿಲ್ಲ. "ಅಮ್ಮಾ, ಇವು ಬಾಯಿ ಮುಚ್ತಾನೇ ಇಲ್ಲ. ನಮ್ಮ ಗ್ರಂಥಾಲಯದಲ್ಲಿ ಅದು ನಡೆಯಲ್ಲ ನೋಡಿ" ಎಂದರು. ಅತ್ತೆ ಒಳಗಿನಿಂದ, "ನನ್ನನ್ನಷ್ಟೇ ಅಲ್ಲ, ಪುಸ್ತಕಗಳನ್ನೂ ಎಬ್ಬಿಸ್ತಾಳೆ ಸ್ವಾಮೀ" ಎಂದು ಕೂಗಿದರು.

ಅವನ್ನೆಲ್ಲ ಬಿಚ್ಚಿ ಹೊಸ ರಟ್ಟು ಹಾಕುತ್ತಿದ್ದೇನೆ. ಅದು ಆಗುವ ಕೆಲಸ, ಮಾಡಿಬಿಡುತ್ತೇನೆ. ಅತ್ತೆಯ ವಿಷಯಕ್ಕೆ ಬಂದರೆ, ನಿನ್ನೆ ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ, ಹೋಗಲು ಮನಸ್ಸಿದೆಯಾ ಎಂದು. "ಯಾರಿಗಿದೆ ಮನಸ್ಸು? ಅವಳ ಮನೇಲಿ ನನ್ನ ಮಾತು ಕೇಳೋಕೆ ಯಾರಿಗೂ ಪುರಸೊತ್ತಿಲ್ಲ. ಆದ್ರೆ ನಿದ್ದೆ ಇಲ್ಲದೆ ನಾನು ಬದುಕಲ್ಲ ಕಣಮ್ಮಾ. ಮಧ್ಯಾಹ್ನ ಒಂದು ನಿದ್ದೆ ಕೊಡು, ಇಲ್ಲೇ ಇರ್ತೀನಿ" ಎಂದರು.

ದೊಡ್ಡಕ್ಕ ಬರಲು ಇನ್ನೂ ಸಮಯವಿದೆ. ಅಷ್ಟರೊಳಗೆ ಕಲಿಯುತ್ತೇನೆ.

ಅತ್ತಿಗೆ


ಏಪ್ರಿಲ್ 22

ಅತ್ತಿಗೆ,

ನನ್ನ ಹಿಂದಿನ ಕಾಗದವನ್ನು ಒಲೆಗೆ ಹಾಕಿ. ಅದನ್ನು ಬರೆದವನು ತಿಳಿಯದವನು. ಮಂಚದ ಮೇಲೆ ಮಲಗಿ ಎಂದು ನಿಮಗೆ ಬರೆದೆನಲ್ಲ, ಅದನ್ನು ನೆನೆಸಿಕೊಂಡು ಎರಡು ದಿನ ತಲೆ ಎತ್ತಲಾಗಲಿಲ್ಲ. ಹಡಗು ತುಂಬ ತೂಗುತ್ತಿದೆ, ಅಕ್ಷರ ಕಾಗೆಯ ಕಾಲಿನ ಹಾಗೆ ಬರುತ್ತಿದೆ, ಹೊಂದಿಸಿಕೊಂಡು ಓದಿ.

ಒಂದು ವಿಷಯ ಹೇಳಬೇಕೆನಿಸಿತು. ಇಲ್ಲಿ ಪಾಳಿ ಮುಗಿದವನು ಎದ್ದು ಹೋಗಿಬಿಡುವಂತಿಲ್ಲ. ಮುಂದಿನ ಪಾಳಿಯವನು ಏಣಿ ಇಳಿದು ಬಂದು ಮೊದಲು ಒಂದು ಸುತ್ತು ಹಾಕಬೇಕು. ಒಂದೊಂದು ಪಂಪಿನ ಮೈಮೇಲೂ ಅಂಗೈ ಇಟ್ಟು ನೋಡಬೇಕು, ಬಿಸಿ ಎಷ್ಟಿದೆ, ನಡುಕ ಎಷ್ಟಿದೆ ಎಂದು. ಆಮೇಲೆ ನನ್ನ ಎದುರು ಬಂದು ನಿಂತು "ತಗೊಂಡೆ" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ನಾನು ಮೇಲೆ ಹತ್ತುವಂತಿಲ್ಲ. ಬಿದ್ದ ಮೇಲೆ ಅಲ್ಲಿ ನಿಲ್ಲುವಂತಿಲ್ಲ. ಹೊಸದಾಗಿ ಬಂದವರು ಮಲಗಿದಲ್ಲಿಂದ ಎದ್ದೆದ್ದು ಬಂದು ಇಂಜಿನ್ನು ಓಡುತ್ತಿದೆಯಾ ಎಂದು ಇಣುಕುತ್ತಾರೆ. ಅವರಿಗೆ ಹಿರಿಯರು ಬೈಯುತ್ತಾರೆ. ತಗೊಂಡೆ ಎಂದವನಿಗೆ ಅದು ಅವಮಾನ.

ಮಲಗುವವನಿಗೆ ದೊಡ್ಡ ಧೈರ್ಯ ಬೇಕಿಲ್ಲ ಅತ್ತಿಗೆ. ಎಚ್ಚರವಾಗಿರುವವರು ಒಬ್ಬರು ಇದ್ದಾರೆ ಎಂದು ಗೊತ್ತಿದ್ದರೆ ಸಾಕು.

ಅಣ್ಣ ಹೋದಾಗ ನೀವು ಎಚ್ಚರವಾಗಿದ್ದಿರಿ. ಅವನಿಗೆ ತೊಂದರೆಯಾಗದಿರಲಿ ಎಂದು ಗುಮಾಸ್ತನನ್ನು ತುದಿಗಾಲಲ್ಲಿ ಕಳಿಸಿದಿರಿ. ನಾನು ಇಷ್ಟು ವರ್ಷ ಕಂಡ ಪಾಳಿಗಳಲ್ಲಿ ಯಾರೂ ಮಲಗಿದವನನ್ನು ಹಾಗೆ ಕಾದಿಲ್ಲ.

ನಾನು ಆರಾಮ. ಹಡಗು ಎಂದಿನಂತೆ ಸಾಗುತ್ತಿದೆ.

ಗುಬ್ಬಿ


ಮೇ 3

ಗುಬ್ಬಿ,

ನಿನ್ನ ಕಾಗದದ ಕೊನೆಯ ಭಾಗವನ್ನು ಅತ್ತೆಗೆ ಓದಲಿಲ್ಲ. ಅದನ್ನು ನಾನು ಇಟ್ಟುಕೊಂಡೆ. ಪಾಳಿಯ ವಿಷಯ ಮಾತ್ರ ಓದಿ ಹೇಳಿದೆ.

ಓದಿ ಮುಗಿಸುವುದರೊಳಗೆ ಅತ್ತೆ ಎದ್ದು ನಿಂತಿದ್ದರು. ಕೋಲು ಊರಿಕೊಂಡು ಅಂಗಡಿಯನ್ನು ಒಂದು ಸುತ್ತು ಹಾಕಿದರು. ಪ್ರೆಸ್ಸಿನ ಮೇಲೆ ಅಂಗೈ ಇಟ್ಟರು, ಹೊಲಿಯುವ ಚೌಕಟ್ಟಿನ ಮೇಲೆ ಇಟ್ಟರು, ಕಾಗದ ಕತ್ತರಿಸುವ ಯಂತ್ರದ ಮೇಲೆ ಇಟ್ಟರು. ಅಂಟಿನ ಡಬ್ಬಿ ಒಲೆಯ ಮೇಲಿತ್ತು, ಅದನ್ನೂ ಮುಟ್ಟಿ "ಅಯ್ಯಯ್ಯೋ" ಎಂದು ಬೆರಳನ್ನು ಬಾಯಿಗೆ ಇಟ್ಟುಕೊಂಡರು. ಆಮೇಲೆ ನನ್ನ ಎದುರು ಬಂದು ನೆಟ್ಟಗೆ ನಿಂತು, "ತಗೊಂಡೆ. ಹೋಗಿ ಬಿದ್ಕೋ" ಎಂದರು.

ನಾನು ನಕ್ಕೆ. ಎಷ್ಟೋ ತಿಂಗಳಾಗಿತ್ತು. ಅವರ ಮನಸ್ಸಿಗೆ ಎಂದು ಒಳಗೆ ಹೋಗಿ ಚಾಪೆಯ ಮೇಲೆ ಒರಗಿದೆ. ಎರಡು ನಿಮಿಷ ಬಿಟ್ಟು ಎದ್ದರಾಯಿತು ಎಂದುಕೊಂಡಿದ್ದೆ. ಎದ್ದಾಗ ಬಿಸಿಲು ಎದುರಿನ ಗೋಡೆ ಬಿಟ್ಟು ಹೋಗಿತ್ತು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಯಾವ ಕನಸೂ ಬಿದ್ದಿರಲಿಲ್ಲ. ಅತ್ತೆ ನನ್ನ ಮೇಜಿನ ಮುಂದೆ ಯಜಮಾನಿಯ ಹಾಗೆ ಕೂತಿದ್ದರು. "ವ್ಯಾಪಾರ ಚೆನ್ನಾಗಾಯ್ತು" ಎಂದರು. ನೋಡಿದರೆ ಶಾಲೆಯ ಗುಮಾಸ್ತನಿಗೆ ಮರದಂಗಡಿಯವರ ಲೆಕ್ಕದ ಪುಸ್ತಕಗಳನ್ನು ಕಟ್ಟಿ ಕೊಟ್ಟು ಕಳಿಸಿದ್ದರು. ಬೇಡ ಎಂದನಂತೆ, "ಕೊಟ್ಟದ್ದನ್ನ ತಗೊಂಡು ಹೋಗು" ಎಂದು ಗದರಿಸಿದರಂತೆ.

ಅಂದಿನಿಂದ ಅವರು ಕೂತರೆ ನಾನು ಮಲಗಬಲ್ಲೆ. ಇದು ನನಗೇ ಆಶ್ಚರ್ಯ. ಹೊಲಿಗೆ ಮತ್ತೆ ನೇರ ಬರುತ್ತಿದೆ. ಪುಸ್ತಕಗಳನ್ನು ಪ್ರೆಸ್ಸಿನಲ್ಲಿ ಬಿಡುವುದೂ ಸಾಧ್ಯವಾಗಿದೆ. ಗ್ರಂಥಾಲಯದ ಮೊದಲ ಕಂತನ್ನು ಮತ್ತೆ ಕಟ್ಟಿ ಕೊಟ್ಟೆ. ಎಲ್ಲ ಬಾಯಿ ಮುಚ್ಚಿಕೊಂಡಿವೆ.

ಆದರೆ ಬೇಕಾದದ್ದು ಇನ್ನೂ ಆಗಿಲ್ಲ. ನನ್ನ ಪಾಳಿ ಬಂದಾಗ ನಾನೂ ಸುತ್ತು ಹಾಕಿ ತಗೊಂಡೆ ಎನ್ನುತ್ತೇನೆ, ಅವರು ಮಲಗುತ್ತಾರೆ. ಸ್ವಲ್ಪ ಹೊತ್ತಿಗೆ ನನ್ನ ಕೈ ಹೊರಡುತ್ತದೆ. ಎಷ್ಟು ತಡೆದರೂ ಹೋಗುತ್ತದೆ. "ಹಡಗಲ್ಲಿ ಹಿಂಗೆ ಮಾಡಿದ್ರೆ ನಿನ್ನನ್ನ ಸಮುದ್ರಕ್ಕೆ ಎಸೀತಿದ್ರು" ಎಂದು ನಿನ್ನೆ ಬೈದರು. ದೊಡ್ಡಕ್ಕ ಈ ತಿಂಗಳ ಕೊನೆಗೆ ಬರುತ್ತಾರೆ.

ಇನ್ನೊಂದು ಮಾತು. ಕಾಗದ ನನ್ನ ಕಸುಬು ಎಂಬುದನ್ನು ನೀನು ಮರೆತಿದ್ದೀಯ. ನಿನ್ನ ಹಿಂದಿನವೆಲ್ಲ ಹಡಗಿನ ದಪ್ಪ ಕಾಗದ. ಈ ಸಲದ್ದು ತೆಳು, ಗೆರೆ ಹಾಕಿದ್ದು, ಎಣ್ಣೆಯ ಕಲೆ ಒಂದೂ ಇಲ್ಲ, ಔಷಧಿಯ ವಾಸನೆ ಇದೆ. ಹಡಗು ತೂಗಿದರೆ ಅಕ್ಷರ ಎರಡೂ ಕಡೆ ವಾಲಬೇಕು. ನಿನ್ನದು ಒಂದೇ ಕಡೆಗೆ ವಾಲಿದೆ. ಎಡಗೈಯಲ್ಲಿ ಬರೆದಿದ್ದೀಯ. ಬಲಗೈಗೆ ಏನಾಯಿತು? ಅತ್ತೆಗೆ ಇನ್ನೂ ಹೇಳಿಲ್ಲ. ನಿಜ ಬರೆ.

ಅತ್ತಿಗೆ


ಮೇ 16

ಅತ್ತಿಗೆ,

ನಿಮಗೆ ಕಾಗದ ಬರೆಯುವಾಗ ಇನ್ನು ಮುಂದೆ ಕಾಗದವನ್ನೂ ಎಚ್ಚರಿಕೆಯಿಂದ ಆರಿಸಬೇಕು.

ಬಂದರಿನ ಆಸ್ಪತ್ರೆಯಲ್ಲಿದ್ದೇನೆ. ಏಪ್ರಿಲ್ ಮೊದಲ ವಾರದಿಂದ ಇಲ್ಲೇ. ಬಲಗೈ ಮೊಣಕೈ ತನಕ ಸುಟ್ಟಿತ್ತು. ಬೆರಳುಗಳೆಲ್ಲ ಸರಿಯಾಗಿವೆ, ಡಾಕ್ಟರು ಮಡಚಿಸಿ ಬಿಡಿಸಿ ನೋಡಿದ್ದಾರೆ, ಹೆದರಬೇಡಿ.

ತಂತಿ ಬಂದ ದಿನದಿಂದ ನನಗೆ ಮಲಗಲು ಆಗುತ್ತಿರಲಿಲ್ಲ. ಅಣ್ಣನ ಸುದ್ದಿ ಬಂದಾಗ ನಾನು ಮಲಗಿದ್ದೆ. ಎಬ್ಬಿಸಿ ಕೈಗೆ ಕೊಟ್ಟರು. ಇನ್ನು ಮಲಗಿದರೆ ಇನ್ನೊಂದು ತಂತಿ ಬರುತ್ತದೆ ಎಂಬ ಒಂದು ಹುಚ್ಚು ತಲೆಗೆ ಹತ್ತಿತು. ಪಾಳಿಯವನು ಬಂದು ತಗೊಂಡೆ ಎಂದರೂ ನಾನು ಏಣಿ ಹತ್ತುತ್ತಿರಲಿಲ್ಲ. ಯಾರಿಗೂ ಹುಷಾರು ತಪ್ಪಿರಲಿಲ್ಲ ಅತ್ತಿಗೆ, ನಾನೇ ಕೇಳಿ ಕೇಳಿ ಅವರ ಪಾಳಿ ತೆಗೆದುಕೊಳ್ಳುತ್ತಿದ್ದೆ. ಕೊನೆಗೆ ಒಂದು ದಿನ ನಿಂತಲ್ಲೇ ಕಣ್ಣು ಮುಚ್ಚಿತು. ಒರಗಿದ್ದು ಉಗಿಯ ಕೊಳವೆಗೆ. ದೊಡ್ಡ ಇಂಜಿನಿಯರು ನನ್ನನ್ನು ಇಲ್ಲಿ ಇಳಿಸುವಾಗ ಒಂದೇ ಮಾತು ಹೇಳಿದ, ಮಲಗುವುದನ್ನು ಕಲಿತ ಮೇಲೆ ಬಾ ಎಂದು.

ಇಲ್ಲಿಯ ನರ್ಸಮ್ಮನ ಭಾಷೆ ನನಗೆ ಬರುವುದಿಲ್ಲ. ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ. ನಾನು ಕಣ್ಣು ತೆರೆದಿರುವುದು ಕಂಡರೆ ಬಂದು ಹಣೆಗೆ ಒಂದು ಮೊಟಕುತ್ತಾಳೆ. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಾಳೆ. ಮೊದಲ ವಾರ ಅವಳ ಭಯಕ್ಕೆ ಮಲಗಿದೆ. ಈಗ ಸುಮ್ಮನೆ ಮಲಗುತ್ತೇನೆ. ನಿಮಗೆ ಬರೆದ ಉಪದೇಶ ಮಾತ್ರ ಈ ಹಾಸಿಗೆಯ ಮೇಲೆ ಕೂತು ಎಡಗೈಯಲ್ಲಿ ಗೀಚಿದ್ದು.

ಜೂನ್ ತಿಂಗಳಲ್ಲಿ ರಜೆ ಕೊಟ್ಟು ಮನೆಗೆ ಕಳಿಸುತ್ತಾರೆ. ದೊಡ್ಡಕ್ಕನಿಗೆ ಹೋಗಬೇಡ ಎಂದು ಬರೆದೆ. ಟಿಕೆಟ್ಟು ತೆಗೆಸಿಯಾಗಿದೆಯಂತೆ. ಅವಳು ಒಮ್ಮೆ ಹೊರಟಳೆಂದರೆ ತಡೆಯುವ ಬ್ರೇಕು ಯಾವ ಹಡಗಿನಲ್ಲೂ ಇಲ್ಲ. ಅಮ್ಮನನ್ನು ಒಂದು ಮಧ್ಯಾಹ್ನ ಮಲಗಿಸಿ ಅವಳಿಗೆ ತೋರಿಸಿ. ನೀವು ಮಾಡುತ್ತೀರಿ.

ಗುಬ್ಬಿ


ಮೇ 29

ಗುಬ್ಬಿ,

ನಿನ್ನ ಕೈಯ ವಿಷಯ ಅತ್ತೆಗೆ ಹೇಳಿದೆ. ಅತ್ತರು. ಕಣ್ಣೊರೆಸಿಕೊಂಡು, "ಹಡಗು ನಡೆಸೋನು ಕೊಳವೆ ಹತ್ತಿರ ಯಾಕೆ ಹೋದ?" ಎಂದರು.

ದೊಡ್ಡಕ್ಕ ಬಂದ ದಿನವೇ ಅತ್ತೆಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದರು. "ಬೇಜಾರು ಮಾಡ್ಕೋಬೇಡ ಕಣೇ, ನಿನ್ನ ಕಷ್ಟ ನಂಗೊತ್ತು. ಆದ್ರೆ ಅಮ್ಮನ ಮುಖ ನೋಡು, ಕಣ್ಣು ಹೇಗೆ ಒಳಗೆ ಹೋಗಿದೆ" ಎಂದರು. ಅದು ಸುಳ್ಳಲ್ಲ. ನಾನು ಎದುರಾಡಲಿಲ್ಲ. ಅತ್ತೆ ದಾರಕ್ಕೆ ಮೇಣ ಹಚ್ಚುತ್ತ ಕೂತಿದ್ದರು. ಒಂದೇ ದಾರಕ್ಕೆ ಮತ್ತೆ ಮತ್ತೆ ಹಚ್ಚುತ್ತಿದ್ದರು.

ನಿನ್ನೆ ಹೊರಡುವುದೆಂದು ಇತ್ತು, ಮೂರು ಗಂಟೆಯ ಬಸ್ಸಿಗೆ. ಊಟವಾದ ಮೇಲೆ ಅತ್ತೆ ನನ್ನನ್ನು ನೋಡಿ, "ಇನ್ನೂ ಹೊತ್ತಿದೆ. ಕೊನೇ ಸಲ ಒಂದು ಪಾಳಿ ತಗೋತೀಯಾ?" ಎಂದರು. ನಾನು ಬಾಗಿಲನ್ನು ಅರ್ಧ ಎಳೆದೆ. ಪ್ರೆಸ್ಸು, ಚೌಕಟ್ಟು, ಯಂತ್ರ ಎಲ್ಲ ಮುಟ್ಟಿದೆ. ತಗೊಂಡೆ ಎಂದೆ. ದೊಡ್ಡಕ್ಕ ನಮ್ಮಿಬ್ಬರನ್ನೂ ತಲೆ ಕೆಟ್ಟವರನ್ನು ನೋಡುವ ಹಾಗೆ ನೋಡಿದರು. ಅತ್ತೆ ಅಂಗಡಿಯಲ್ಲೇ, ಮಂಚ ಇದ್ದ ಜಾಗದಲ್ಲಿ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಗ್ರಂಥಾಲಯದ ಕೆಲಸ ಮುಗಿದು ಆ ಜಾಗ ಖಾಲಿಯಾಗಿದೆ.

ಇಷ್ಟು ದಿನ ಪಾಳಿಯಲ್ಲಿ ನಾನು ಹೊಲಿಗೆಯನ್ನೂ ಹಿಡಿದುಕೊಳ್ಳುತ್ತಿದ್ದೆ. ನಿನ್ನೆ ಹಿಡಿಯಲಿಲ್ಲ. ಸ್ಟೂಲು ತಂದು ಅವರ ಎದುರಿಗೇ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತು ಗೊರಕೆ ಕೇಳುತ್ತಿತ್ತು. ಆಮೇಲೆ ನಿಂತಿತು. ಹೊದಿಕೆ ಅಲುಗಿದ ಹಾಗೆ ಕಾಣಲಿಲ್ಲ. ನನ್ನ ಕೈ ಎದ್ದಿತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡೆ. ಅಂದು ನನ್ನ ಬೆನ್ನು ನಿನ್ನ ಅಣ್ಣನ ಕಡೆ ಇತ್ತು. ಇಂದು ಮುಖ ಇವರ ಕಡೆ ಇದೆ. ಅಷ್ಟೇ ನನ್ನಿಂದ ಆಗುವುದು, ಅಷ್ಟನ್ನು ಪೂರ್ತಿ ಮಾಡುತ್ತೇನೆ ಎಂದುಕೊಂಡೆ. ಮತ್ತೆ ನೋಡಿದೆ. ಹೊದಿಕೆಯ ಅಂಚು ಕಿವಿಯ ಹತ್ತಿರ ಒಂದು ಕೂದಲೆಳೆಯಷ್ಟು ಮೇಲೆದ್ದು ಕೆಳಗಿಳಿಯಿತು. ಮತ್ತೆ ಎದ್ದಿತು. ನಾನು ನೋಡುತ್ತಲೇ ಕೂತೆ. ಉಸಿರು ಇಷ್ಟು ಸಣ್ಣದಾಗಿ ಇರಬಹುದು ಎಂದು ನನಗೆ ತಿಳಿದಿರಲಿಲ್ಲ.

ಎರಡೂವರೆಗೆ ದೊಡ್ಡಕ್ಕ ಚೀಲ ಹಿಡಿದುಕೊಂಡು ಬಂದರು.

"ಎಬ್ಬಿಸು, ಬಸ್ಸಿಗೆ ಹೊತ್ತಾಯ್ತು."

"ಎಬ್ಬಿಸಲ್ಲ" ಎಂದೆ.

"ಅಂದ್ರೆ?"

"ಮಲಗಿದ್ದಾರೆ. ಮೆಲ್ಲಗೆ ಮಾತಾಡಿ."

"ಏನೇ ಇದು, ದಿನಾ ಎಬ್ಬಿಸ್ತಾಳೆ ಅಂತ ಅಮ್ಮ ಬೊಬ್ಬೆ ಹೊಡೀತಿದ್ಲು, ಈಗ ನೋಡಿದ್ರೆ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖದಲ್ಲಿ ಏನು ಕಂಡರೋ ತಿಳಿಯದು. ಚೀಲವನ್ನು ಸದ್ದಾಗದ ಹಾಗೆ ಕೆಳಗಿಟ್ಟು ನನ್ನ ಪಕ್ಕ ನೆಲದ ಮೇಲೆ ಕೂತರು. ಬೀದಿಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನಾವಿಬ್ಬರೂ ಕೇಳಿಸಿಕೊಂಡೆವು, ಅತ್ತೆ ಕೇಳಿಸಿಕೊಳ್ಳಲಿಲ್ಲ.

ಎದ್ದಾಗ ಸಂಜೆಯ ಬಿಸಿಲು ಒಳಗೆ ಬಂದಿತ್ತು. ಕಣ್ಣುಜ್ಜಿಕೊಂಡು, "ಬಸ್ಸು?" ಎಂದರು.

"ಹೋಯ್ತು."

"ಯಾಕೆ ಎಬ್ಬಿಸ್ಲಿಲ್ಲ? ಇಷ್ಟು ಹೊತ್ತು ಬಿಟ್ಟಿದೀರಲ್ಲ, ಮುದುಕಿ ಇದ್ದಾಳೋ ಇಲ್ವೋ ಅಂತಾನಾದ್ರೂ ನೋಡಬಾರದಾ?"

"ನೋಡ್ತಾನೇ ಇದ್ದೆ ಅತ್ತೆ" ಎಂದೆ.

ಅವರು ಎದ್ದು ಕೂತು ಸೆರಗು ಸರಿಮಾಡಿಕೊಂಡರು. ನಿದ್ದೆಯಾಗಿ ಮುಖ ತುಂಬಿಕೊಂಡಿತ್ತು. ಆಮೇಲೆ ಎಂದಿನ ಗಂಟಲಿನಲ್ಲಿ ಚಹಾ ಕೇಳಿದರು. ನಾನು ಒಲೆ ಹಚ್ಚಿ ತಿರುಗಿ ನೋಡಿದರೆ ದೊಡ್ಡಕ್ಕ ಚೀಲ ಬಿಚ್ಚಿ ಅತ್ತೆಯ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ಜೋಡಿಸುತ್ತಿದ್ದರು. ಇಂದು ಬೆಳಗಿನ ಬಸ್ಸಿಗೆ ಒಬ್ಬರೇ ಹೋದರು.

ಊಟದಿಂದ ಚಹಾದ ತನಕ ಅಂಗಡಿ ಮುಚ್ಚಿರುತ್ತದೆ ಎಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ್ದೇನೆ. ಗ್ರಂಥಪಾಲಕರು ಮುಂದಿನ ವರ್ಷಗಳ ಪತ್ರಿಕೆಗಳನ್ನು ತಂದು, ಅದನ್ನು ಓದಿ, ಚಹಾದ ಹೊತ್ತು ಕಳೆದ ಮೇಲೆ ಮತ್ತೆ ಬಂದರು.

ಜೂನ್‌ನಲ್ಲಿ ನೀನು ಬರುವ ಗಾಡಿ ಯಾವ ಹೊತ್ತಿಗೆ ಇಳಿಸುತ್ತದೋ ಗೊತ್ತಿಲ್ಲ. ಮಧ್ಯಾಹ್ನವಾದರೆ ಬಾಗಿಲು ಬಡಿಯಬೇಡ. ಮೆಟ್ಟಿಲ ಮೇಲೆ ನೆರಳಿದೆ, ಕೂತಿರು. ನಾವು ಏಳುತ್ತೇವೆ.

ಅತ್ತಿಗೆ